ಒಂದೇ ಲೈನು, ಹತ್ತು ಕಂಪ್ಯೂಟರು: ಬ್ಯಾಂಡ್‌ವಿಡ್ತ್ ಹಂಚುವ ಸೂತ್ರಗಳು

ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳ ಕಾಲೇಜು ಲ್ಯಾಬಿಗೂ ಅರ್ಜಿ ತುಂಬುವ ಅಂಗಡಿಗೂ ಇರುವುದು ಒಂದೇ ಲೈನು. ಒಬ್ಬರು ವಿಡಿಯೊ ಅಪ್‌ಲೋಡ್ ಹಚ್ಚಿದರೆ ಪಕ್ಕದವರ ಸೇವಾಸಿಂಧು ಅರ್ಜಿ ಸುತ್ತುತ್ತಲೇ ಇರುತ್ತದೆ. ಮೇಲಿನವರೇ ನೀರೆಳೆದುಕೊಂಡರೆ ಮಲಪ್ರಭಾ ಕಾಲುವೆಯ ತುದಿಯ ಹೊಲಕ್ಕೆ ಏನು ಮುಟ್ಟೀತು? ನಡುವೆ ಲಿನಕ್ಸ್ ಸರ್ವರ್ ಇದ್ದರೆ ಪಾಲು ನೀವೇ ಹಂಚಬಹುದು.

1. ಮೊದಲು ಅಳೆಯಿರಿ. ಬೆಳಗ್ಗೆಯೂ ಸಂಜೆಯೂ, ಅಪ್‌ಲೋಡ್, ಡೌನ್‌ಲೋಡ್ ಬೇರೆ ಬೇರೆ.

2. ಅಳೆದದ್ದಕ್ಕಿಂತ ತುಸು ಕಡಿಮೆಗೆ ಮಿತಿ ಹಾಕಿ. 20 ಮೆಗಾಬಿಟ್ ಸಿಕ್ಕರೆ 18. ವೇಗ ಕಳೆದುಕೊಂಡೆವೆಂದು ಹಲವರು ಹಿಂಜರಿಯುತ್ತಾರೆ, ಆದರೆ ಎಲ್ಲ ನಿಂತಿರುವುದು ಇದರ ಮೇಲೆಯೇ. ಪೂರ್ತಿ ಬಿಟ್ಟರೆ ಪಾಳಿ ಕಟ್ಟುವುದು ಮೋಡೆಮ್‌ನೊಳಗೆ. ಅಲ್ಲಿ ನಿಮ್ಮ ಮಾತು ನಡೆಯದು. ತಗ್ಗಿಸಿದರೆ ಪಾಳಿ ನಿಮ್ಮ ಸರ್ವರಿನಲ್ಲೇ ನಿಲ್ಲುತ್ತದೆ, ಯಾರನ್ನು ಮುಂದೆ ಬಿಡಬೇಕೆಂದು ನೀವೇ ಹೇಳಬಹುದು.

3. ಲಿನಕ್ಸ್‌ನಲ್ಲಿ ಮಿತಿ ಹಾಕುವ ‘ಟಿಸಿ’ ಆಜ್ಞೆಯಲ್ಲಿ ‘ಎಂಬಿಟ್’ ಎಂದರೆ ಮೆಗಾಬಿಟ್, ‘ಎಂಬಿಪಿಎಸ್’ ಎಂದರೆ ಮೆಗಾಬೈಟ್. ಅದಲುಬದಲಾದರೆ ಮಿತಿ ಎಂಟು ಪಟ್ಟು ಹಿಗ್ಗಿ, ಹಾಕಿದರೂ ಹಾಕದಂತೆ.

4. ಟಿಸಿಯೊಳಗೆ ಪಾಲು ಹಂಚುವ ವಿಧಾನವಾದ ‘ಎಚ್‌ಟಿಬಿ’ಯಲ್ಲಿ ಖಾತ್ರಿ ಪಾಲಿಗೆ ‘ರೇಟ್’, ಗರಿಷ್ಠಕ್ಕೆ ‘ಸೀಲ್’. ಅರ್ಜಿ ಕೌಂಟರಿಗೆ 8, ಲ್ಯಾಬಿಗೆ 7, ಬ್ಯಾಕಪ್‌ಗೆ 3 ಕೊಟ್ಟು ಮೂರಕ್ಕೂ ಸೀಲ್ 18 ಇಡಿ. ಕೌಂಟರ್ ಖಾಲಿಯಿದ್ದಾಗ ಅದರ ಪಾಲು ಲ್ಯಾಬಿಗೆ ಸಿಗುತ್ತದೆ. ‘ಡಿಫಾಲ್ಟ್’ ಕ್ಲಾಸ್ ಹೆಸರಿಸಲೇಬೇಕು. ಇಲ್ಲವಾದರೆ ಯಾವ ಕ್ಲಾಸಿಗೂ ಸೇರದ ಟ್ರಾಫಿಕ್ ಮಿತಿಯಿಲ್ಲದೆ ನುಗ್ಗುತ್ತದೆ.

5. ಪ್ರತಿ ಕ್ಲಾಸಿನಡಿ, ಪಾಳಿ ಉದ್ದವಾಗದಂತೆ ನೋಡಿಕೊಳ್ಳುವ ‘ಎಫ್‌ಕ್ಯೂ-ಕೋಡೆಲ್’ ಕೂರಿಸಿ. 2012ರಿಂದ ಕರ್ನೆಲ್‌ನಲ್ಲೇ ಇದೆ. ಸಣ್ಣ ಅಂಗಡಿಗೆ ಇಷ್ಟು ಕ್ಲಾಸು ಬೇಡ. 2018ರಲ್ಲಿ 4.19ನೇ ಕರ್ನೆಲ್‌ಗೆ ಸೇರಿದ ‘ಕೇಕ್’ ಒಂದೇ ಸಾಕು, ನಾನು ಅದನ್ನೇ ಹೇಳುತ್ತೇನೆ. ಜೊತೆಗೆ ‘ನ್ಯಾಟ್’ ಎಂಬ ಪದ ಸೇರಿಸಿ. ಬಿಟ್ಟರೆ ಒಳಗಿನ ಎಲ್ಲ ಕಂಪ್ಯೂಟರುಗಳೂ ಅದಕ್ಕೆ ಒಂದೇ ಆಗಿ ಕಾಣುತ್ತವೆ.

6. ಡೌನ್‌ಲೋಡ್‌ಗೆ ಮಿತಿ ಹಾಕುವುದು ಲ್ಯಾಬ್ ಕಡೆಯ ನೆಟ್‌ವರ್ಕ್ ಕಾರ್ಡಿನಲ್ಲಿ, ಅದು ಅಲ್ಲಿಂದ ಹೊರಡುವಾಗ. ಒಂದೇ ಕಾರ್ಡಿದ್ದರೆ ‘ಐಎಫ್‌ಬಿ’ ಎಂಬ ಹುಸಿ ಕಾರ್ಡ್ ಬಳಸಿ.

7. ಲಿನಕ್ಸ್ ಬದಲು ಫ್ರೀಬಿಎಸ್‌ಡಿ ಇದ್ದವರಿಗೆ ಇದೇ ಕೆಲಸಕ್ಕೆ ‘ಡಮ್ಮಿನೆಟ್’ ಇದೆ.

8. ರೀಬೂಟ್ ಆದರೆ ಟಿಸಿಗೆ ಕೊಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಕರೆಂಟು ಹೋಗಿಬರುವ ಕಡೆ ಇದು ದಿನದ ಮಾತು. ಆಜ್ಞೆಗಳನ್ನು ಸ್ಕ್ರಿಪ್ಟಿನಲ್ಲಿಟ್ಟು, ಸರ್ವರ್ ಏಳುವಾಗಲೇ ಓಡುವಂತೆ ಸಿಸ್ಟಮ್‌ಡಿಗೆ ಒಪ್ಪಿಸಿ.

9. ದೊಡ್ಡ ಫೈಲೊಂದನ್ನು ಅಪ್‌ಲೋಡ್‌ಗೆ ಹಚ್ಚಿ, ಪಕ್ಕದ ಕಂಪ್ಯೂಟರಿನಲ್ಲಿ ಪಿಂಗ್ ನೋಡಿ. ಅದು ನೂರಾರು ಮಿಲಿಸೆಕೆಂಡಿಗೆ ಜಿಗಿದರೆ 18ನ್ನು 17ಕ್ಕೆ ಇಳಿಸಿ, ಮತ್ತೆ ನೋಡಿ.