ಚಿಕಿತ್ಸೆಯ ಮೂರನೆಯ ಪಾದ

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಆಯುರ್ವೇದ ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಮೂರನೆಯವನಾದ ಪರಿಚಾರಕನನ್ನು ಚರಕ ಸಂಹಿತೆಯು ‘ಉಪಸ್ಥಾತಾ’, ಅಂದರೆ ಬಳಿಯಲ್ಲಿ ನಿಲ್ಲುವವನು, ಎಂದು ಕರೆದಿದೆ. ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳು ಅವನಲ್ಲಿರಬೇಕು. ಜ್ವರವೋ ಕಾಮಾಲೆಯೋ ಬಂದಾಗ ಈ ಸ್ಥಾನವನ್ನು ಮನೆಯವರೇ ತುಂಬುತ್ತಾರೆ. ನೆರೆಯವರೂ ಗಂಜಿ ಕಾಯಿಸಿ ತರುತ್ತಾರೆ. ಮನೋರೋಗದಲ್ಲಿ ಮಾತ್ರ ಈ ಪಾದ ಕುಸಿಯುತ್ತದೆ. ಜನ ಏನೆಂದಾರು, ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬಂದೀತೇ ಎಂಬ ಅಂಜಿಕೆಯಿಂದ ರೋಗಿಯನ್ನು ಒಳಕೋಣೆಗೆ ಸರಿಸಲಾಗುತ್ತದೆ.

ದೇಶದ 12 ರಾಜ್ಯಗಳಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮನೋರೋಗಗಳಲ್ಲಿ ಶೇಕಡ 70ರಿಂದ 92ರಷ್ಟು ರೋಗಿಗಳು ಚಿಕಿತ್ಸೆಯಿಂದ ಹೊರಗುಳಿದಿದ್ದರು. ವೈದ್ಯರ ಕೊರತೆ ಇದಕ್ಕೆ ಒಂದು ಕಾರಣ. ಮುಚ್ಚಿದ ಬಾಗಿಲು ಇನ್ನೊಂದು. ಆ ಬಾಗಿಲನ್ನು ತಟ್ಟುವವರಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳೂ ಇದ್ದಾರೆ. ಅವರ ಕೆಲಸವೇನು, ನಾವು ಅವರನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ತಿಳಿಯೋಣ.

ಮನೋರೋಗದ ಚಿಕಿತ್ಸೆಯನ್ನು ಆಸ್ಪತ್ರೆಯಿಂದ ಊರಿಗೆ ತಂದ ಪ್ರಯತ್ನಗಳಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆಯಿತು. ಮುಂದಿನ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ರೋಗಿಯ ಊರಿನ ಹತ್ತಿರದಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಆ ಮಾದರಿಯನ್ನು ಅನುಸರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಇದರ ತಂಡದಲ್ಲಿ ಮನೋವೈದ್ಯರೊಡನೆ ಸಮಾಜಕಾರ್ಯಕರ್ತರಿಗೂ ಸ್ಥಾನವಿದೆ. ಎಂ.ಎಸ್.ಡಬ್ಲ್ಯು. ಓದುವವರಿಗೆ ತರಗತಿಯ ಪಾಠದೊಡನೆ ಕ್ಷೇತ್ರಕಾರ್ಯವೂ ಕಡ್ಡಾಯ. ಇಂಥ ತಂಡಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ, ಹಿರಿಯರ ಮೇಲ್ವಿಚಾರಣೆಯಲ್ಲಿ ಅವರು ಮನೆಮನೆಗೆ ಹೋಗಿ ಕಲಿಯುತ್ತಾರೆ.

ಒಂದು ಉದಾಹರಣೆಯನ್ನು ಊಹಿಸೋಣ. ಸ್ಕಿಜೋಫ್ರೇನಿಯಾ ಇರುವ ಯುವಕನೊಬ್ಬ ಮೂರು ತಿಂಗಳು ಮಾತ್ರೆ ನುಂಗಿ, ಆಮೇಲೆ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿದ್ದಾನೆ. ವೈದ್ಯರ ಪುಸ್ತಕದಲ್ಲಿ ‘ಬಂದಿಲ್ಲ’ ಎಂಬ ಒಂದೇ ಮಾತು ಇರುತ್ತದೆ. ಏಕೆ ಬಂದಿಲ್ಲ? ಮಾತ್ರೆಯಿಂದ ಹಗಲೆಲ್ಲ ತೂಕಡಿಕೆ ಬರುತ್ತಿರಬಹುದು. ಕರೆದೊಯ್ಯುವ ತಂದೆಗೆ ಒಂದು ದಿನದ ಕೂಲಿ ತಪ್ಪುತ್ತಿರಬಹುದು. ಗುಣವಾಯಿತೆಂದು ಮನೆಯವರೇ ನಿಲ್ಲಿಸಿರಬಹುದು. ಮೂರಕ್ಕೂ ಪರಿಹಾರ ಬೇರೆ ಬೇರೆ. ತೂಕಡಿಕೆಯನ್ನು ವೈದ್ಯರಿಗೆ ತಿಳಿಸಿದರೆ ಅವರು ಔಷಧವನ್ನೋ ಪ್ರಮಾಣವನ್ನೋ ಬದಲಿಸಬಲ್ಲರು. ಕೂಲಿಯ ಚಿಂತೆಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಸಿಗುವ ದಿನವನ್ನು ಗೊತ್ತುಮಾಡಿಕೊಡಬೇಕು. ಮೂರನೆಯದಕ್ಕೆ ಬೇಕಾದದ್ದು ತಾಳ್ಮೆಯ ತಿಳಿವಳಿಕೆ. ಕಾರಣವನ್ನು ಹುಡುಕಿ, ಅದಕ್ಕೆ ತಕ್ಕವರನ್ನು ಮನೆಯೊಡನೆ ಜೋಡಿಸುವುದೇ ಈ ವಿದ್ಯಾರ್ಥಿಗಳ ಕೆಲಸ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ, ಮಾಸಾಶನಕ್ಕೆ ಅರ್ಜಿ ಬರೆಯಲೂ ಅವರು ನೆರವಾಗುತ್ತಾರೆ; ಮನೋರೋಗದಿಂದಾಗುವ ವೈಕಲ್ಯವನ್ನು 2016ರ ಕಾಯಿದೆ ಗುರುತಿಸಿದೆ.

ಅವರಿಗೆ ಮಿತಿಯೂ ಇದೆ. ಔಷಧ ಕೊಡುವುದು, ಬದಲಿಸುವುದು, ನಿಲ್ಲಿಸುವುದು ಅವರ ಕೆಲಸವಲ್ಲ. ರೋಗಿಯ ವಿಷಯವನ್ನು ಊರಿನಲ್ಲಿ ಆಡುವಂತಿಲ್ಲ; ಗೋಪ್ಯತೆ ರೋಗಿಯ ಹಕ್ಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಹೇಳುತ್ತದೆ. ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಲ್ಲಿ ಕಟ್ಟಬಾರದೆಂಬುದೂ ಅದೇ ಕಾಯಿದೆಯ ಮಾತು. ಜೀವಕ್ಕೆ ಅಪಾಯವಿದ್ದಾಗ ಮಾತ್ರ ವಿದ್ಯಾರ್ಥಿಗಳು ಮೇಲ್ವಿಚಾರಕರಿಗೆ ತಕ್ಷಣ ತಿಳಿಸಲೇಬೇಕು. ‘ಸಾಯಬೇಕೆನ್ನಿಸುತ್ತದೆಯೇ’ ಎಂದು ಅವರು ನೇರವಾಗಿ ಕೇಳಿದರೆ ಮನೆಯವರು ಕೋಪಿಸಿಕೊಳ್ಳಬಾರದು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೆ ಅದುಮಿಟ್ಟವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಅಹಿತ ವಿಷಯಗಳಿಂದ ಮನಸ್ಸನ್ನು ಹಿಂತೆಗೆಯುವ ಸತ್ತ್ವಾವಜಯ ಚಿಕಿತ್ಸೆಯನ್ನು ನಮ್ಮ ಶಾಸ್ತ್ರವೂ ಹೇಳಿದೆ. ಹಾಗೆಂದು ಆಯುರ್ವೇದವನ್ನು ನಂಬಿ ಮನೋವೈದ್ಯರ ಮಾತ್ರೆಯನ್ನು ಏಕಾಏಕಿ ಬಿಡುವುದನ್ನು ನಾವು ಒಪ್ಪುವುದಿಲ್ಲ. ಬಿಟ್ಟರೆ ರೋಗ ಮರುಕಳಿಸುತ್ತದೆ, ಕೆಲವೊಮ್ಮೆ ಮೊದಲಿಗಿಂತ ಉಗ್ರವಾಗಿ. ಎರಡೂ ಕಡೆಯ ಔಷಧಚೀಟಿಗಳನ್ನು ಇಬ್ಬರು ವೈದ್ಯರಿಗೂ ತೋರಿಸಿರಿ.

ಭಕ್ತ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟು. ಗುರುತಿನ ಚೀಟಿ ಹಿಡಿದು ಇಂಥ ವಿದ್ಯಾರ್ಥಿಗಳು ಬಂದರೆ, ‘ನಮ್ಮ ಮನೆಯಲ್ಲಿ ಅಂಥವರಾರೂ ಇಲ್ಲ’ ಎಂದು ಕಳುಹಿಸಬೇಡಿ. ಕುಳ್ಳಿರಿಸಿ, ಇದ್ದದ್ದನ್ನು ಇದ್ದಂತೆ ಹೇಳಿರಿ. ರೋಗಿಯು ಒಪ್ಪಿದರೆ ಅವನೊಡನೆ ಪ್ರತ್ಯೇಕವಾಗಿ ಮಾತನಾಡಲು ಬಿಡಿರಿ. ಪಕ್ಕದ ಮನೆಗೆ ಅವರು ಬಂದುಹೋದರೆ ಏಕೆಂದು ವಿಚಾರಿಸಬೇಡಿ. ಅವರ ಕ್ಷೇತ್ರಕಾರ್ಯ ಕೆಲವೇ ತಿಂಗಳು ಇರುತ್ತದೆ. ಅಷ್ಟರೊಳಗೆ ಮಾತ್ರೆಯ ವೇಳೆ, ಆಸ್ಪತ್ರೆಯ ದಿನ, ಅಪಾಯದ ಲಕ್ಷಣಗಳನ್ನು ಮನೆಯವರೊಬ್ಬರು ಅವರಿಂದ ಕಲಿತುಕೊಳ್ಳಬೇಕು. ಅವರು ಹಿಂದಿರುಗಿದ ಮೇಲೆ ರೋಗಿಯ ಬಳಿಯಲ್ಲಿ ನಿಲ್ಲಬೇಕಾದವರು ಮನೆಯವರೇ. ಯಾರೂ ಬಾರದ ಊರಿನವರು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.