ಹಂಗಾಮಿನ ನಡುವೆ ಮಗಳನ್ನು ಕರೆತಂದೆ

ಬೀಗರು ಇಂದಿಗೂ ನನ್ನ ಕೂಡ ಮಾತಾಡುವುದಿಲ್ಲ. ಕಬ್ಬು ಕಡಿಯುವ ಹಂಗಾಮು ಮುಗಿಯುವ ಮೊದಲೇ ಮಗಳನ್ನು ಕರೆತಂದು ಕೊಯ್ತಾ ಮುರಿದೆನಂತೆ, ಕೂಲಿಕಾರರನ್ನು ಒಯ್ಯುವ ಮುಕಾದಮ ಮುಂಗಡವಾಗಿ ಕೊಟ್ಟ ಉಚಲು ಅವರ ಮೈಮೇಲೆ ಬಿತ್ತಂತೆ. ಬಿದ್ದರೆ ಬೀಳಲಿ. ಮಗಳ ಹಿಮೋಗ್ಲೋಬಿನ್ 6.4ಕ್ಕೆ ಇಳಿದಿತ್ತು. ಬಸುರಿಗೆ ಕಡಿಮೆಯೆಂದರೂ 11 ಇರಬೇಕು. 7ರ ಕೆಳಗಿಳಿದರೆ ಜೀವಕ್ಕೇ ಅಪಾಯ.

ಮಹಾರಾಷ್ಟ್ರದ ಜತ್ತ ತಾಲೂಕಿನ ನಮ್ಮ ಕಡೆ ಕಬ್ಬು ಕಡಿಯುವ ಗಂಡ-ಹೆಂಡತಿ ಜೋಡಿ ಸೇರಿದರೆ ಒಂದು ಕೊಯ್ತಾ. ಹೆಂಡತಿ ಬಸುರಿ ಅಂತ ಉಚಲು ಕೊಟ್ಟವ ಬಿಡುವುದಿಲ್ಲ.

ಮಗಳಿಗೆ ಏಳನೇ ತಿಂಗಳಿದ್ದಾಗ ಅವಳನ್ನು ನೋಡಲು ಕಬ್ಬು ಕಡಿಯುವ ಫಡಕ್ಕೆ ಹೋಗಿದ್ದೆ. ಕಬ್ಬಿನ ಹೊರೆ ಹೊತ್ತು ಟ್ರ್ಯಾಕ್ಟರಿನ ಹಲಗೆ ಏರುತ್ತಿದ್ದಳು. ಅರ್ಧಕ್ಕೆ ನಿಂತಳು. ಮೊದಲು ಹೊರೆ ಬಿತ್ತು, ಹಿಂದೆಯೇ ಅವಳು. ಎತ್ತಿ ಕೂರಿಸಿದರೆ ತುಟಿ ಸುಣ್ಣದಂತೆ ಬಿಳುಪು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಒಳಗೆ ಕೆಂಪೇ ಇಲ್ಲ. "ಅವ್ವಾ, ಕಣ್ಣಿಗಿ ಕತ್ತಲಿ ಬರಾಕತ್ತೈತಿ. ಕೂಸು ಹಂದಾಡವಲ್ದು" ಅಂದಳು. ಅವಳ ಅತ್ತೆ ಚಹಾ ಹಿಡಿದು ಬಂದರು. "ಏನೂ ಆಗಿಲ್ಲ ಬಿಡ್ರಿ. ನಾವೇನು ಗುಳಿಗಿ ನುಂಗಿ ಹಡದೇವೇನು?" ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದಂಶದ ಕೆಂಪು ಗುಳಿಗೆಗಳು ಗಂಟಿನಲ್ಲಿ ಹಾಗೇ ಇದ್ದವು. ಕೂಸು ಕರ್ರಗಾಗುತ್ತದೆಂದು ಬಿಡಿಸಿದವರು ಆ ಅತ್ತೆಯೇ. ಶುದ್ಧ ಸುಳ್ಳು! ಗುಳಿಗೆಯಿಂದ ಕಪ್ಪಾಗುವುದು ಮಲ, ಕೂಸಲ್ಲ.

ಮುಕಾದಮ ಗಾಡಿ ಕೊಡಲಿಲ್ಲ. 108ಕ್ಕೆ ಫೋನು ಮಾಡಿ ಮಿರಜದ ದೊಡ್ಡ ದವಾಖಾನೆಗೆ ಒಯ್ದೆ. ರಕ್ತ ಏರಿಸಿದರು. ಹೊಟ್ಟೆಯ ಮೇಲೆ ಕೈಯಿಟ್ಟು ರಾತ್ರಿಯಿಡೀ ಕೂತೆ. ನಸುಕಿಗೆ ಕೂಸು ಒದೆಯಿತು. ಆಗ ಅತ್ತುಬಿಟ್ಟೆ.

ಇದು ಏಳು ತಿಂಗಳಲ್ಲಿ ಬಂದ ರಕ್ತದ ಕೊರತೆಯಲ್ಲ ಅಂದರು ಡಾಕ್ಟರ್. ಮೈ ನೆರೆದಾಗಿನಿಂದ ತಿಂಗಳು ತಿಂಗಳು ರಕ್ತ, ಅದರ ಜೊತೆ ಕಬ್ಬಿಣದಂಶ ಹೋಗುತ್ತದೆ, ಮೈಯೂ ಬೆಳೆಯುತ್ತಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹಾಕಿಕೊಟ್ಟ ಲೆಕ್ಕದಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣದಂಶ ಸಾಕು, 16ರಿಂದ 18ರ ಹುಡುಗಿಗೆ 32 ಬೇಕು. ನಮ್ಮ ಮನೆಗಳಲ್ಲೋ ಕಾಳುಪಲ್ಯ ಮೊದಲು ಗಂಡಸರ ತಾಟಿಗೆ. ಮುಟ್ಟು ನಿಂತ ಹೆಂಗಸಿನ ಅಗತ್ಯ ಇಳಿಯುತ್ತದೆ. ಅಂಥ ಅತ್ತೆ ತನ್ನ ಮೈಯ ಅಳತೆಯಲ್ಲಿ ಬಸುರಿ ಸೊಸೆಯನ್ನು ಅಳೆದರೆ ಹೇಗೆ?

ಬಸುರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕೆಂಪು ಗುಳಿಗೆ, ಹೆತ್ತ ಮೇಲೂ 180 ದಿನ. ಚಹಾದ ಜೊತೆ ಬೇಡ, ಕ್ಯಾಲ್ಸಿಯಂ ಗುಳಿಗೆಯ ಜೊತೆಯೂ ಬೇಡ. ಪಲ್ಯಕ್ಕೆ ಲಿಂಬಿಹಣ್ಣು ಹಿಂಡಿಕೊಳ್ಳಿ. ಕೂಸು ತಾಯಿಯಿಂದ ತಂದ ಕಬ್ಬಿಣ ಸುಮಾರು ಆರು ತಿಂಗಳಿಗೆ ಮುಗಿಯುತ್ತದೆ, ಆಮೇಲೆ ವಾರಕ್ಕೆ ಎರಡು ಸಲ ಕಬ್ಬಿಣದ ಸಿರಪ್. ನನ್ನ ಚಿಕ್ಕ ಮಗಳಿಗೆ ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ನೀಲಿ ಗುಳಿಗೆ ಕೊಡುತ್ತಾರೆ. ನುಂಗಿದೆಯಾ ಎಂದು ಪ್ರತಿ ವಾರ ಕೇಳುತ್ತೇನೆ.

ದೀಪಾವಳಿ ಹೊತ್ತಿಗೆ ಫಡಕ್ಕೆ ಹೊರಡುವ ಬಸುರಿಯರು ಮೊದಲು ಆರೋಗ್ಯ ಕೇಂದ್ರದಲ್ಲಿ ರಕ್ತ ತಪಾಸಣೆ ಮಾಡಿಸಿಕೊಳ್ಳಿ. ಹಂಗಾಮಿಗೆ ಸಾಲುವಷ್ಟು ಗುಳಿಗೆ ಕೇಳಿ ತೆಗೆದುಕೊಳ್ಳಿ. ರಕ್ತ ತೀರ ಕಡಿಮೆಯಿದ್ದರೆ ಹೋಗಲೇಬೇಡಿ, ಉಚಲು ಎಷ್ಟೇ ಇರಲಿ.