ಕಂಪ್ರೆಷನ್ ಇಳಿದ ಚೈನ್‌ಸಾ: ಹೊಸ ಪಿಸ್ಟನ್ ಕೊಳ್ಳುವ ಮುನ್ನ

ನಾಲ್ಕು ತಿಂಗಳ ಮಳೆ ಮುಗಿದ ಮೇಲೆ ಮಲೆನಾಡು, ಕೊಡಗಿನ ತೋಟಗಳಲ್ಲಿ ಚೈನ್‌ಸಾ ಮತ್ತೆ ಹೊರಬರುತ್ತದೆ. ಗಾಳಿಗೆ ಬಿದ್ದ ಸಿಲ್ವರ್ ಓಕ್ ತುಂಡು ಮಾಡಬೇಕು, ಸೌದೆ ಕೊಯ್ಯಬೇಕು. ಹಗ್ಗ ಎಳೆದರೆ ಕೈಗೆ ಬಿಗಿಯೇ ಸಿಗುವುದಿಲ್ಲ; ಹಗ್ಗ ಸಲೀಸಾಗಿ ಬರುತ್ತದೆ, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಇಲ್ಲವೇ ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆದ ಮೆಷಿನ್, ಬಿಸಿಯಾದ ಮೇಲೆ ಒಮ್ಮೆ ನಿಲ್ಲಿಸಿದರೆ ಆರುವ ತನಕ ಏಳುವುದಿಲ್ಲ. ಎರಡೂ ಕಂಪ್ರೆಷನ್ ಇಳಿದಿರುವ ಲಕ್ಷಣ. ರಿಪೇರಿಗೆ ಒಯ್ದರೆ ಬಹಳ ಕಡೆ ‘ಬೋರ್ ಕಿಟ್ ಹಾಕಿಸಿ’ ಎನ್ನುತ್ತಾರೆ. ಹಾಕಿಸಿದ ಹೊಸ ಪಿಸ್ಟನ್ ಒಂದೇ ಹಂಗಾಮಿನಲ್ಲಿ ಗೀರುಬಿದ್ದು ಕೆಟ್ಟರೆ, ಹಳೆಯದನ್ನು ಕೆಡಿಸಿದ ಕಾರಣ ಎಂಜಿನ್ನಿನೊಳಗೆ ಹಾಗೇ ಉಳಿದಿತ್ತು ಎಂದೇ ಅರ್ಥ. ಆ ಕಾರಣ ಕೈಗೆ ಸಿಗುವ ತನಕ ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳಬೇಡಿ.

ಮೊದಲು ಅಳತೆ

ಬಾರ್ ಮತ್ತು ಚೈನ್ ಬಿಚ್ಚಿ ಪಕ್ಕಕ್ಕಿಡಿ. ಸ್ವಿಚ್ ಆಫ್ ಇರಲಿ. ಸ್ಟಾರ್ಟರ್ ಹಿಡಿಯನ್ನು ಹಿಡಿದು ಮೆಷಿನ್ ಅನ್ನು ನೆಲದಿಂದ ಗೇಣೆತ್ತರದಲ್ಲಿ ನೇತುಬಿಡಿ. ಎಂಜಿನ್ ಚೆನ್ನಾಗಿದ್ದರೆ ಅದು ತಡೆತಡೆದು, ಒಂದೊಂದೇ ಹಂತಕ್ಕೆ ಇಳಿಯುತ್ತದೆ. ಸರ್ರನೆ ಇಳಿದರೆ ಒಳಗೆ ಒತ್ತಡ ನಿಲ್ಲುತ್ತಿಲ್ಲ. ಡಿಕಂಪ್ರೆಷನ್ ಬಟನ್ ಇರುವ ಮಾಡೆಲ್ ಆದರೆ ಅದು ಮೇಲೆದ್ದಿದೆಯೇ ನೋಡಿಕೊಂಡೇ ಈ ಪರೀಕ್ಷೆ ಮಾಡಿ.

ಸರಿಯಾದ ಲೆಕ್ಕಕ್ಕೆ ಕಂಪ್ರೆಷನ್ ಗೇಜ್ ಬೇಕು. ಪ್ಲಗ್ ಜಾಗಕ್ಕೆ ಗೇಜ್ ತಿರುಗಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಮುಳ್ಳು ಇನ್ನು ಮೇಲೇರದು ಎನ್ನುವ ತನಕ ಹಗ್ಗ ಎಳೆಯಿರಿ. 130ರಿಂದ 150 ಪಿಎಸ್‌ಐ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ತೊಂದರೆ ಬೇರೆಲ್ಲೋ ಇದೆ. 110ರ ಕೆಳಗಿದ್ದರೆ ಸ್ಟಾರ್ಟ್ ಮಾಡುವುದೇ ಹೋರಾಟ. 90ರ ಕೆಳಗೆ ಮರಕ್ಕೆ ಇಡುವ ಮಾತೇ ಇಲ್ಲ. ಒಂದು ಎಚ್ಚರಿಕೆ: ಕಾರಿಗೆ ಬಳಸುವ ಉದ್ದ ಪೈಪಿನ ಗೇಜ್ ಇಲ್ಲಿ ಸುಳ್ಳು ಹೇಳುತ್ತದೆ. ಇಷ್ಟು ಸಣ್ಣ ಸಿಲಿಂಡರಿನಲ್ಲಿ ಆ ಪೈಪಿನೊಳಗಿನ ಜಾಗವೇ ಒತ್ತಡವನ್ನು ನುಂಗುತ್ತದೆ. ಪ್ಲಗ್ ರಂಧ್ರಕ್ಕೆ ತಿರುಗಿಸುವ ತುದಿಯಲ್ಲೇ ವಾಲ್ವ್ ಇರುವ ಗೇಜ್ ಬೇಕು.

ರೀಡಿಂಗ್ ಕಡಿಮೆ ಬಂತೆಂದು ಎದೆಗುಂದಬೇಡಿ. ಹಗ್ಗ ಎಳೆದೆಳೆದು ಪೆಟ್ರೋಲ್ ತುಂಬಿದ ಎಂಜಿನ್ನಿನಲ್ಲಿ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗಿ ಕಂಪ್ರೆಷನ್ ತಾನಾಗಿ ಬೀಳುತ್ತದೆ. ಪ್ಲಗ್ ತೆಗೆದು, ಮೆಷಿನ್ ತಲೆಕೆಳಗು ಮಾಡಿ ಪೆಟ್ರೋಲ್ ಬಸಿದು, ಒಣಗಲು ಬಿಡಿ. ನಂತರ ಪ್ಲಗ್ ರಂಧ್ರಕ್ಕೆ ಐದಾರು ಹನಿ 2ಟಿ ಆಯಿಲ್ ಹಾಕಿ, ಮೆಲ್ಲಗೆ ಕೆಲವು ಸಲ ಎಳೆದು ಮತ್ತೆ ಅಳೆಯಿರಿ. ರೀಡಿಂಗ್ ಜಿಗಿದರೆ ಒತ್ತಡ ರಿಂಗಿನ ಪಕ್ಕದಿಂದ ಹೋಗುತ್ತಿದೆ. ಅಲುಗಾಡದಿದ್ದರೆ ಡಿಕಂಪ್ರೆಷನ್ ವಾಲ್ವ್ ಅಥವಾ ಪ್ಲಗ್ಗಿನ ವಾಷರ್ ಸೋರುತ್ತಿರಬಹುದು, ಇಲ್ಲವೇ ಪಿಸ್ಟನ್ನಿಗೇ ದೊಡ್ಡ ಏಟು ಬಿದ್ದಿರಬಹುದು.

ಸೈಲೆನ್ಸರ್ ಕಿಂಡಿಯಲ್ಲಿ ಇಣುಕಿ

ಸಿಲಿಂಡರ್ ಬಿಚ್ಚುವ ಮೊದಲೇ ಅರ್ಧ ಕಥೆ ಇಲ್ಲಿ ಓದಬಹುದು. ಸೈಲೆನ್ಸರಿನ ನಟ್ಟು ಬಿಚ್ಚಿ, ಟಾರ್ಚ್ ಹಿಡಿದು, ಹಗ್ಗವನ್ನು ನಿಧಾನ ಎಳೆಯುತ್ತಾ ಪಿಸ್ಟನ್ ಮೇಲೆ ಕೆಳಗೆ ಹೋಗುವುದನ್ನು ನೋಡಿ. ಪಿಸ್ಟನ್ ಮೈ ನಯವಾಗಿ, ಬೂದು ಬೆಳ್ಳಿ ಬಣ್ಣದಲ್ಲಿರಬೇಕು. ರಿಂಗ್ ಕಾಣಿಸಿದಾಗ ಚೂಪಿಲ್ಲದ ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿ. ಸ್ಪ್ರಿಂಗಿನಂತೆ ಒಳಹೋಗಿ ಹೊರಬಂದರೆ ಸರಿ. ಕದಲದಿದ್ದರೆ ಕರಿ ಕಟ್ಟಿ ಗ್ರೂವ್‌ನಲ್ಲೇ ಅಂಟಿಕೊಂಡಿದೆ. ಹಳೆಯ ಮೆಷಿನ್‌ಗಳಲ್ಲಿ ಇದು ತೀರಾ ಸಾಮಾನ್ಯ, ಮತ್ತು ಖರ್ಚಿಲ್ಲದೆ ಸರಿಯಾಗುವ ಕಾಯಿಲೆ.

ಗೀರು ಕಂಡರೆ ಅದು ಯಾವ ಬದಿಯಲ್ಲಿದೆ ಎಂಬುದು ಮುಖ್ಯ. ಸೈಲೆನ್ಸರ್ ಬದಿಯಲ್ಲಿ ಮಾತ್ರ ಕರಗಿ ಮೆತ್ತಿದಂಥ ಉದ್ದ ಗೀರುಗಳಿದ್ದರೆ ಎಂಜಿನ್ ಅತಿಯಾಗಿ ಕಾದಿದೆ: ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಹೋಗಿದೆ. ಕಾರ್ಬುರೇಟರ್ ಬದಿಯ ಮೈ ಹೊಳಪು ಕಳೆದು ಸಣ್ಣ ಗೀರುಗಳಿಂದ ಮಂಕಾಗಿದ್ದರೆ ಏರ್ ಫಿಲ್ಟರ್ ದಾಟಿ ದೂಳು, ಮರದ ಹುಡಿ ಒಳಹೋಗಿದೆ. ಫಿಲ್ಟರ್ ಹರಿದಿದೆಯೇ, ಅಂಚು ಸರಿಯಾಗಿ ಕೂರುತ್ತಿದೆಯೇ ನೋಡಿ. ಸುತ್ತಲೂ ಗೀರಿದ್ದರೆ ಆಯಿಲ್ ಬೆರೆಸದ ಪೆಟ್ರೋಲನ್ನು ಯಾರೋ ಹಾಕಿದ್ದಾರೆ ಎಂಬುದೇ ಮೊದಲ ಅನುಮಾನ.

ಗಾಳಿ ಎಲ್ಲಿಂದ ನುಗ್ಗುತ್ತಿದೆ?

ರಿಪೇರಿಯವರಲ್ಲಿ ಬಹುಪಾಲು ಜನ ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದಿಲ್ಲ. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್, ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್, ಸಿಲಿಂಡರ್ ಬುಡದ ಪ್ಯಾಕಿಂಗ್, ಸಣ್ಣ ಇಂಪಲ್ಸ್ ಪೈಪ್ — ಇವುಗಳಲ್ಲಿ ಒಂದು ಬಿರಿದರೂ ಹೆಚ್ಚುವರಿ ಗಾಳಿ ಒಳನುಗ್ಗಿ ಪಿಸ್ಟನ್ ಸುಡುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್ ತಾನಾಗಿ ರೇಸ್ ಆಗುವುದು, ಆಕ್ಸಿಲರೇಟರ್ ಬಿಟ್ಟರೂ ಬೇಗ ಇಳಿಯದಿರುವುದು ಇದರ ಸೂಚನೆ.

ಪರೀಕ್ಷೆಗೆ ದುಬಾರಿ ಸಾಧನ ಬೇಕಿಲ್ಲ, ಹಳೆಯ ಬಿ.ಪಿ. ಮೆಷಿನ್‌ನ ರಬ್ಬರ್ ಪಂಪು ಮತ್ತು ಮೀಟರ್ ಸಾಕು. ಕಾರ್ಬುರೇಟರ್ ತೆಗೆದು ಆ ಬಾಯಿಯನ್ನು ರಬ್ಬರಿನಿಂದ ಬಿಗಿಯಾಗಿ ಮುಚ್ಚಿ. ಸೈಲೆನ್ಸರಿನ ಅಡಿಯಲ್ಲಿ ಹಳೆಯ ಟ್ಯೂಬಿನ ತುಂಡಿಟ್ಟು ನಟ್ಟು ಬಿಗಿದರೆ ಅದೂ ಮುಚ್ಚಿತು. ಪ್ಲಗ್ ಹಾಕಿರಲಿ, ಪಿಸ್ಟನ್ ಪೂರ್ತಿ ಮೇಲಿರಲಿ. ಇಂಪಲ್ಸ್ ಪೈಪಿಗೆ ಪಂಪು ಜೋಡಿಸಿ ಮೀಟರಿನಲ್ಲಿ 250ರ ತನಕ ಗಾಳಿ ತುಂಬಿ. ಮುಳ್ಳು ಒಂದು ನಿಮಿಷ ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚುತ್ತಾ ಬನ್ನಿ. ಗುಳ್ಳೆ ಎದ್ದ ಜಾಗವೇ ಸೋರಿಕೆ. ಸೀಲುಗಳನ್ನು ನೋಡಲು ಫ್ಲೈವೀಲ್ ಮತ್ತು ಕ್ಲಚ್ ತೆಗೆಯಬೇಕಾಗುತ್ತದೆ. ಕ್ರ್ಯಾಂಕ್ ತಿರುಗದಂತೆ ತಡೆಯಲು ಪ್ಲಗ್ ರಂಧ್ರದಲ್ಲಿ ಮೆತ್ತನೆಯ ಹಗ್ಗ ತುರುಕಿ, ಆದರೆ ಪಿಸ್ಟನ್ ಸೈಲೆನ್ಸರ್ ಕಿಂಡಿಯನ್ನು ದಾಟಿ ಮೇಲೆ ಬಂದ ಮೇಲೆ ಮಾತ್ರ. ಕ್ಲಚ್‌ನದು ಸಾಮಾನ್ಯವಾಗಿ ಉಲ್ಟಾ ಥ್ರೆಡ್: ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ.

ಸಿಲಿಂಡರ್ ಬಿಚ್ಚಿದ ಮೇಲೆ

ಸಿಲಿಂಡರನ್ನು ನೇರ ಮೇಲಕ್ಕೆ ಎತ್ತಿ, ತಿರುಚಬೇಡಿ. ರಿಂಗಿನ ತುದಿ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ತಕ್ಷಣ ಕ್ರ್ಯಾಂಕ್‌ಕೇಸ್ ಬಾಯಿಗೆ ಶುಭ್ರ ಬಟ್ಟೆ ಮುಚ್ಚಿ. ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಅಕ್ಕಪಕ್ಕ ಸ್ವಲ್ಪ ಆಡಿದರೆ ಚಿಂತೆಯಿಲ್ಲ. ಮೇಲೆ ಕೆಳಗೆ ಆಡಿದರೆ ಕೆಳಗಿನ ಬೇರಿಂಗ್ ಹೋಗಿದೆ. ಸಣ್ಣ ಮೆಷಿನ್ ಆದರೆ ಇಲ್ಲಿಗೇ ನಿಲ್ಲಿಸಿ, ಹಣ ಉಳಿಸಿಕೊಳ್ಳುವುದು ಒಳ್ಳೆಯದು.

ಸಿಲಿಂಡರಿನ ಒಳಮೈಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಮೆತ್ತಿರುತ್ತದೆ. ನೋಡಲು ಗೀರಿನಂತಿದ್ದರೂ ಅದು ಮೇಲಿನ ಮೆತ್ತು ಮಾತ್ರ. 220 ನಂಬರಿನ ಎಮ್ರಿ ಪೇಪರ್‌ನಿಂದ, ಮೆತ್ತಿದ ಜಾಗವನ್ನಷ್ಟೇ ತಾಳ್ಮೆಯಿಂದ ಉಜ್ಜಿ. ಆಸಿಡ್ ಹಚ್ಚುವವರಿದ್ದಾರೆ. ಲೇಪನ ಕಿತ್ತ ಕಡೆ ಅದು ಸಿಲಿಂಡರನ್ನೇ ತಿನ್ನುವುದರಿಂದ ನಾನು ಅದನ್ನು ಹೇಳುವುದಿಲ್ಲ. ಉಜ್ಜಿದ ಮೇಲೆ ಉಗುರು ಆಡಿಸಿ: ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಅದೇ ಸಿಲಿಂಡರ್ ಮುಂದುವರಿಸಬಹುದು. ಲೇಪನ ಎದ್ದು ಬೇರೆ ಬಣ್ಣದ ಲೋಹ ಕಾಣಿಸಿದರೆ ಬದಲಿಸಲೇಬೇಕು.

ಬೈಕ್ ಮೆಕ್ಯಾನಿಕ್‌ಗಳು ಒಳ್ಳೆಯ ಮನಸ್ಸಿನಿಂದಲೇ ‘ಲೇತ್‌ನಲ್ಲಿ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕೋಣ’ ಎನ್ನಬಹುದು. ದಯವಿಟ್ಟು ಬೇಡ. ಹಳೆಯ ಬೈಕುಗಳ ಸಿಲಿಂಡರಿನಲ್ಲಿ ಎರಕದ ಕಬ್ಬಿಣದ ಸ್ಲೀವ್ ಇರುತ್ತದೆ, ಕೊರೆಯಬಹುದು. ಚೈನ್‌ಸಾದಲ್ಲಿ ಸಾಮಾನ್ಯವಾಗಿ ಇರುವುದು ಅಲ್ಯೂಮಿನಿಯಂ ಮೇಲೆ ತೆಳುವಾದ ನಿಕ್ಕೆಲ್ ಅಥವಾ ಕ್ರೋಮ್ ಲೇಪನ. ಲೇತ್ ಮುಟ್ಟಿದರೆ ಅದು ಹೋಯಿತು.

ಹೊಸ ರಿಂಗನ್ನು ಮಾತ್ರ ಸಿಲಿಂಡರಿನೊಳಗಿಟ್ಟು, ಪಿಸ್ಟನ್ನಿನಿಂದ ಸಮನಾಗಿ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. 45 ಮಿ.ಮೀ. ಆಸುಪಾಸಿನ ಬೋರಿಗೆ 0.2ರಿಂದ 0.4 ಮಿ.ಮೀ. ಒಳ್ಳೆಯದು. ಹಳೆಯ ರಿಂಗ್‌ನಲ್ಲಿ ಅದು ಅರ್ಧ ಮಿ.ಮೀ. ದಾಟಿದ್ದರೆ ಹೊಸದು ಹಾಕಿ. ಪಿಸ್ಟನ್ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗಿರಲಿ, ರಿಂಗಿನ ತುದಿಗಳು ಗ್ರೂವ್‌ನ ಪಿನ್ನಿನ ಎರಡೂ ಬದಿಗೆ ಕೂರಲಿ. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಹೊಸದೇ ಇರಲಿ, ಅದರ ಬಾಯಿ ಮೇಲಕ್ಕೋ ಕೆಳಕ್ಕೋ ಬರಲಿ; ಅದು ಚಿಮ್ಮಿದರೆ ಕಣ್ಣಿಗೇ ಬೀಳುತ್ತದೆ, ಕನ್ನಡಕ ಹಾಕಿಕೊಳ್ಳಿ. ಎಲ್ಲಕ್ಕೂ 2ಟಿ ಆಯಿಲ್ ಸವರಿ, ಬೋಲ್ಟುಗಳನ್ನು ಅಡ್ಡಡ್ಡ ಜೋಡಿಯಾಗಿ ಬಿಗಿಯಿರಿ. ಗಾಳಿ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ಮೊದಲ ಟ್ಯಾಂಕ್

ಒಳ್ಳೆಯ ಕಂಪನಿಯ ಆಯಿಲ್ ಆದರೆ ಲೀಟರ್ ಪೆಟ್ರೋಲಿಗೆ 20 ಮಿಲಿ, ಸಾಧಾರಣ 2ಟಿ ಆದರೆ 40 ಮಿಲಿ. ಮೆಷಿನ್‌ನ ಪುಸ್ತಕ ಬೇರೆ ಹೇಳಿದ್ದರೆ ಅದೇ ಅಂತಿಮ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ರಬ್ಬರನ್ನು ಕೆಡಿಸುತ್ತದೆ, ಮಿಶ್ರಣವನ್ನೂ ತೆಳುವಾಗಿಸುತ್ತದೆ. ಹಾಗಾಗಿ ಹಳೆಯ ಸೆಟ್ಟಿಂಗ್‌ನಲ್ಲೇ ಓಡಿಸದೆ ಕಾರ್ಬುರೇಟರಿನ ‘ಎಚ್’ ಸ್ಕ್ರೂ ಸ್ವಲ್ಪ ಸಡಿಲಿಸಿ. ಲೋಡ್ ಇಲ್ಲದೆ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಸದ್ದು ಕೀರಲಾಗದೆ ತುಸು ಒಡೆದಂತಿರಬೇಕು; ಮರಕ್ಕಿಟ್ಟಾಗ ಅದು ಶುದ್ಧವಾಗಬೇಕು. ಮಳೆಗಾಲಕ್ಕೆ ಎತ್ತಿಡುವಾಗ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರ್ ಒಣಗುವ ತನಕ ಓಡಿಸಿ.

ಮೊದಲ ಟ್ಯಾಂಕಿನಲ್ಲಿ ಸಣ್ಣ ಕೊಂಬೆಗಳನ್ನಷ್ಟೇ ಕೊಯ್ಯಿರಿ, ವೇಗವನ್ನು ಏರಿಳಿಸುತ್ತಿರಿ. ಆರಿದ ಮೇಲೆ ಸಿಲಿಂಡರ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಎರಡನೇ ಟ್ಯಾಂಕ್ ಮುಗಿದಾಗ ಗೇಜ್ ಹಾಕಿ. ರಿಂಗ್ ಕೂತಂತೆ ರೀಡಿಂಗ್ ಏರಿರುತ್ತದೆ. ಆ ಅಂಕಿಯನ್ನೂ ತಾರೀಕನ್ನೂ ಫಿಲ್ಟರ್ ಮುಚ್ಚಳದ ಒಳಬದಿಗೆ ಮಾರ್ಕರ್‌ನಿಂದ ಬರೆದಿಡಿ, ಮುಂದಿನ ಹಂಗಾಮಿನಲ್ಲಿ ಹೋಲಿಸಲು ಬೇಕಾಗುತ್ತದೆ.